ಪಲ್ಪರ್ ನೀರಿನಿಂದ ಹೈಡ್ರೋಜನ್: ಇಪ್ಪತ್ತು ಲೀಟರ್ ಕ್ಯಾನಿನಲ್ಲಿ ಮಾಡುವ ಬಗೆ

ಅರೇಬಿಕಾ ಕಾಫಿ ಹಣ್ಣನ್ನು ಸಿಪ್ಪೆ ಬಿಡಿಸುವ ಯಂತ್ರವಾದ ಪಲ್ಪರ್‌ಗೆ ಹಾಕಿದರೆ ಸಿಪ್ಪೆ ಒಂದು ಕಡೆ, ಬೀಜ ಇನ್ನೊಂದು ಕಡೆ. ಸಿಪ್ಪೆಯ ಸಿಹಿ, ಬೀಜದ ಲೋಳೆ ಎರಡೂ ನೀರಿನ ಪಾಲು. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಕುಯ್ಲಿನ ತಿಂಗಳುಗಳಲ್ಲಿ ಹೊಂಡ ತುಂಬುವ ಆ ಕಂದು ನೀರು ಹಳ್ಳಕ್ಕಿಳಿದರೆ, ಸಕ್ಕರೆ ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಮುಗಿಸಿ ಮೀನು ಸಾಯುತ್ತವೆ. ಅದೇ ಸಕ್ಕರೆಯನ್ನು ಗಾಳಿ ಸೋಕದಂತೆ ಹುಳಿಸಿದರೆ ಹೈಡ್ರೋಜನ್ ಸಿಗುತ್ತದೆ. ಎಷ್ಟು ಸಿಗುತ್ತದೆ, ಅದಕ್ಕೆ ಎಷ್ಟು ಖರ್ಚು ಎಂಬ ಲೆಕ್ಕ ಕೊನೆಯಲ್ಲಿದೆ. ಸಾಮಾನು ಕೊಳ್ಳುವ ಮೊದಲು ಅದನ್ನೂ ಓದಿಕೊಳ್ಳಿ.

ಮೊದಲು ಹೆಪ್ಪು. ಚೆನ್ನಾಗಿ ನಡೆಯುತ್ತಿರುವ ಗೋಬರ್ ಗ್ಯಾಸ್ ಗುಂಡಿಯಿಂದ 3 ಲೀಟರ್ ಸ್ಲರಿ ತಂದು, ತೆಳು ಬಟ್ಟೆಯಲ್ಲಿ ಸೋಸಿ, ಮುಚ್ಚಳವಿರುವ ಪಾತ್ರೆಯಲ್ಲಿ 30 ನಿಮಿಷ ಕುದಿಸಬೇಕು. ಗಡಿಯಾರ ನೋಡುವುದು ಕುದಿ ಬಂದ ಮೇಲೆ, ಒಲೆ ಹಚ್ಚಿದಾಗಿನಿಂದಲ್ಲ. ಹೈಡ್ರೋಜನ್ ತಿಂದು ಮೀಥೇನ್ ಮಾಡುವ ಜೀವಿಗಳಿಗೆ ಬೀಜಕವಿಲ್ಲ, ಈ ಬಿಸಿಗೆ ಅವು ಸಾಯುತ್ತವೆ. ಹೈಡ್ರೋಜನ್ ಮಾಡುವ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ ಬೀಜಕವಾಗಿ ಅವಿತು ಉಳಿದು, ತಣ್ಣಗಾದ ಮೇಲೆ ಮೊಳೆಯುತ್ತವೆ. ನಮಗೆ ಬೇಕಾದವು ಅವೇ. ಮುಚ್ಚಳ ತೆಗೆಯದೆ 40 ಡಿಗ್ರಿಗೆ ಆರಲು ಬಿಡಿ.

ಪಲ್ಪರ್ ನೀರು ಅಂದಿನದೇ ಆಗಬೇಕು, ಹಿಡಿದ ಐದಾರು ಗಂಟೆಯೊಳಗೆ ಬಳಸಬೇಕು. ರಾತ್ರಿಯಿಡೀ ಹೊಂಡದಲ್ಲಿ ನಿಂತ ನೀರಿನ ಸಕ್ಕರೆಯನ್ನು ಬೇರೆ ಜೀವಿಗಳು ಆಗಲೇ ಹುಳಿ ಮಾಡಿರುತ್ತವೆ. ಸಿಹಿ ಅಳೆಯುವ ರಿಫ್ರ್ಯಾಕ್ಟೋಮೀಟರ್ ಇದ್ದರೆ ಬ್ರಿಕ್ಸ್ (ನೂರು ಪಾಲಿಗೆ ಸಕ್ಕರೆ ಎಷ್ಟೆಂಬ ಅಳತೆ) ನೋಡಿ: 0.5ಕ್ಕಿಂತ ಕಡಿಮೆಯಾದರೆ ಶ್ರಮ ದಂಡ, 2 ದಾಟಿದರೆ ಅದರಷ್ಟೇ ಬರಿ ನೀರು ಬೆರೆಸಿ. ಅದೇ ನೀರನ್ನು ಮತ್ತೆ ಮತ್ತೆ ಪಲ್ಪರ್‌ಗೆ ತಿರುಗಿಸುವ ತೋಟಗಳಲ್ಲಿ ಸಕ್ಕರೆ ಗಟ್ಟಿಯಾಗಿಯೇ ಸಿಗುತ್ತದೆ. 12 ಲೀಟರ್ ಅಳೆದು, ಸಿಪ್ಪೆ ಚೂರು ಸೋಸಿ, 70 ಡಿಗ್ರಿಗೆ ಕಾಯಿಸಿ ಅರ್ಧ ಗಂಟೆ ಇಡಿ. ಇದನ್ನು ಬಿಟ್ಟವರ ಕ್ಯಾನು ಮೊಸರು ಹುಳಿಯ ವಾಸನೆ ಹೊಡೆಯುತ್ತದೆ: ಹಣ್ಣಿನ ಸಿಪ್ಪೆಯ ಮೇಲಿದ್ದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಸಕ್ಕರೆಯನ್ನು ಹೊಡೆದುಕೊಂಡಿರುತ್ತವೆ, ಗ್ಯಾಸ್ ಮಾತ್ರ ಇಲ್ಲ.

ಆರಿದ ನೀರಿಗೆ ಯೂರಿಯಾ 3 ಗ್ರಾಂ, ಡಿಎಪಿ ಗೊಬ್ಬರ 2 ಗ್ರಾಂ, ಫೆರಸ್ ಸಲ್ಫೇಟ್ 1.5 ಗ್ರಾಂ ಹಾಕಿ. ಹೈಡ್ರೋಜನ್ ಮಾಡುವ ಕಿಣ್ವಕ್ಕೆ ಕಬ್ಬಿಣ ಬೇಕೇ ಬೇಕು. ಪಲ್ಪರ್ ನೀರಿನ ಪಿಎಚ್ ಹೆಚ್ಚಾಗಿ 4ರ ಆಸುಪಾಸು. ಅಡುಗೆ ಸೋಡ ಕದಡಿ 6.5ಕ್ಕೆ ತನ್ನಿ.

ಕ್ಯಾನು ಮನೆಗೆ ಕುಡಿಯುವ ನೀರು ಬರುವ 20 ಲೀಟರಿನದೇ ಸಾಕು. ಮುಚ್ಚಳಕ್ಕೆ ಎರಡು ತೂತು. ಒಂದರಲ್ಲಿ ತಳ ಮುಟ್ಟುವ ಪೈಪು, ಮಾದರಿ ತೆಗೆಯಲು ಮತ್ತು ಸೋಡ ಹಾಕಲು, ಅದಕ್ಕೊಂದು ಕ್ಲಿಪ್. ಇನ್ನೊಂದು ಗ್ಯಾಸಿಗೆ. ಗಾರೆ ಕೆಲಸದವರ ಪಾರದರ್ಶಕ ಲೆವೆಲ್ ಪೈಪ್ ಇದಕ್ಕೆ ಚೆನ್ನ, ನೊರೆ ಏರಿದರೂ ಕಣ್ಣಿಗೆ ಕಾಣುತ್ತದೆ. ಸಂದುಗಳಿಗೆ ಎಂ-ಸೀಲ್ ಮೆತ್ತಿ ಸೋಪಿನ ನೀರು ಹಚ್ಚಿ ನೋಡಿ. ಗೋಬರ್ ಗ್ಯಾಸ್ ಸೋರದ ಸಂದಿನಲ್ಲಿಯೂ ಹೈಡ್ರೋಜನ್ ಸೋರುತ್ತದೆ.

ಗ್ಯಾಸ್ ಪೈಪು ಮೊದಲು ಒಂದು ಖಾಲಿ ಬಾಟಲಿಗೆ, ಅಲ್ಲಿಂದ ಕಾಸ್ಟಿಕ್ ಸೋಡ ಬಾಟಲಿಗೆ, ಕೊನೆಗೆ ನೀರಿನಲ್ಲಿ ಬೋರಲಾಗಿಟ್ಟ ಬಕೆಟ್ಟಿಗೆ ಹೋಗಬೇಕು. ಖಾಲಿ ಬಾಟಲಿ ಏಕೆಂದು ಕೇಳಬೇಡಿ, ಮಾದರಿ ಎಳೆದಾಗ ಗೊತ್ತಾಗುತ್ತದೆ: ಕ್ಯಾನಿನ ಒಳಗೆ ಒತ್ತಡ ಇಳಿದು ಕಾಸ್ಟಿಕ್ ಹಿಂದಕ್ಕೆ ಹೀರಿಕೊಳ್ಳುತ್ತದೆ, ಅದು ಕ್ಯಾನು ಸೇರಿದರೆ ಹೆಪ್ಪು ಸತ್ತಂತೆ. ಕಾಸ್ಟಿಕ್ ಒಂದು ಲೀಟರ್ ನೀರಿಗೆ 100 ಗ್ರಾಂ. ನೀರಿಗೆ ಕಾಸ್ಟಿಕ್ ಹಾಕಬೇಕೇ ಹೊರತು ಕಾಸ್ಟಿಕ್ಕಿಗೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಇದು ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಬದಲಿಗೆ ಸುಣ್ಣ ಬಳಸುವುದಾದರೆ ತಿಳಿನೀರು ಸಾಲದು, ಹಾಲಿನಂತೆ ಕದಡಿದ ಸುಣ್ಣವೇ ಬೇಕು.

ನೀರು, ಹೆಪ್ಪು ಎರಡನ್ನೂ ಕ್ಯಾನಿಗೆ ಸುರಿದರೆ 15 ಲೀಟರ್ ಆಯಿತು; ಮೇಲೆ 5 ಲೀಟರ್ ಗಾಳಿ ಉಳಿದಿದೆ. ಅಪಾಯ ಇರುವುದು ಅಲ್ಲೇ. ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಹೈಡ್ರೋಜನ್ ಬೆರೆತಿದ್ದರೆ ಕಿಡಿ ತಾಗಿದ ಕ್ಷಣ ಸಿಡಿಯುತ್ತದೆ. ಬೇರೆ ಬಾಟಲಿಯಲ್ಲಿ 50 ಗ್ರಾಂ ಅಡುಗೆ ಸೋಡ, 40 ಗ್ರಾಂ ಸಿಟ್ರಿಕ್ ಆ್ಯಸಿಡ್ ಪುಡಿಗೆ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು, ಬರುವ ಗ್ಯಾಸನ್ನು ತಳದ ಪೈಪಿನಿಂದ ಹಾಯಿಸಿ ಗಾಳಿಯನ್ನು ಹೊರದಬ್ಬಿ. ಹಾಯಿಸುವಾಗ ಗ್ಯಾಸ್ ಪೈಪನ್ನು ಕಾಸ್ಟಿಕ್ ಬಾಟಲಿಗೆ ಸಿಕ್ಕಿಸಬೇಡಿ. ಇಷ್ಟಾದರೂ ಹುಳಿಯುವಾಗ ಬರುವ ಮೊದಲ 10 ಲೀಟರ್ ಗ್ಯಾಸನ್ನು ಬಯಲಿಗೆ ಬಿಟ್ಟುಬಿಡಿ. ಕ್ಯಾನನ್ನು ಕೋಣೆಯೊಳಗೆ ಇಡಬೇಡಿ, ಸುತ್ತ ಬೀಡಿ, ಒಲೆ, ಸ್ವಿಚ್ ಇರಬಾರದು. ಸಿಲಿಂಡರಿಗೆ, ಟೈರಿನ ಟ್ಯೂಬಿಗೆ ತುಂಬುವ ಆಸೆ ಬಿಡಿ.

ಕ್ಯಾನನ್ನು 36 ಡಿಗ್ರಿ ಬಿಸಿನೀರಿನ ಟಬ್ಬಿನಲ್ಲಿ ನಿಲ್ಲಿಸಿ ಸುತ್ತ ಗೋಣಿ ಕಟ್ಟಿ. ಮಲೆನಾಡಿನ ಡಿಸೆಂಬರ್ ರಾತ್ರಿಯ ಚಳಿಗೆ ಹಾಗೇ ಬಿಟ್ಟರೆ ಏನೂ ಹುಟ್ಟದು. ಹೀಟರ್ ಹಾಕುವುದಿದ್ದರೂ ಟಬ್ಬಿನ ನೀರಿಗೆ, ಕ್ಯಾನಿನ ಒಳಗಲ್ಲ. ಅದರ ಸ್ವಿಚ್ಚು, ಪ್ಲಗ್ಗು ದೂರದಲ್ಲಿರಲಿ.

ಸಾಮಾನ್ಯವಾಗಿ 8ರಿಂದ 24 ಗಂಟೆಯೊಳಗೆ ಗುಳ್ಳೆ ಏಳುತ್ತದೆ. ಕಮಟು ಬೆಣ್ಣೆಯ ವಾಸನೆ ಬಂದರೆ ಕೆಲಸ ಸರಿಯಾಗಿ ನಡೆದಿದೆ: ಅದು ಬ್ಯುಟೈರಿಕ್ ಆಮ್ಲ. ಆಮ್ಲ ಹೆಚ್ಚಿದಂತೆ ಪಿಎಚ್ ಜಾರುತ್ತದೆ. ನಾಲ್ಕು ಗಂಟೆಗೊಮ್ಮೆ ಸಿರಿಂಜಿನಲ್ಲಿ ಎಳೆದು ನೋಡಿ, 5.2ರಿಂದ 5.8ರೊಳಗೆ ಹಿಡಿಯಿರಿ. ಇಡೀ ಹುಳಿತಕ್ಕೆ ಸುಮಾರು 60 ಗ್ರಾಂ ಸೋಡ ಹಿಡಿಯುತ್ತದೆ; ಒಂದೇ ಸಲ ಸುರಿದರೆ ನೊರೆ ಉಕ್ಕಿ ಪೈಪು ಕಟ್ಟುತ್ತದೆ. ಪಿಎಚ್ 4.5ಕ್ಕೆ ಇಳಿದರೆ ಗ್ಯಾಸ್ ನಿಲ್ಲುತ್ತದೆ, ಸಕ್ಕರೆ ಇನ್ನೂ ಉಳಿದಿದ್ದರೂ ಸರಿ. ಆಗಾಗ ಕ್ಯಾನನ್ನು ಮೆಲ್ಲಗೆ ಅಲುಗಿಸಿ. ನೀರಿನಲ್ಲೇ ಕರಗಿ ಕೂತ ಹೈಡ್ರೋಜನ್ ತನ್ನ ಹುಟ್ಟನ್ನು ತಾನೇ ತಡೆಯುತ್ತದೆ.

ಪರೀಕ್ಷೆಗೆ ಬಕೆಟ್ಟಿನಿಂದ ಒಂದೇ ಒಂದು ಪ್ರನಾಳದಷ್ಟು, 20 ಮಿಲಿಲೀಟರ್ ಸಾಕು. ಪ್ರನಾಳದ ಬಾಯಿ ಕೆಳಗೆ ಮಾಡಿ ಹತ್ತು ಹೆಜ್ಜೆ ದೂರ ಒಯ್ದು ಬೆಂಕಿಕಡ್ಡಿ ತೋರಿಸಿ. ‘ಪಟ್’ ಎಂದರೆ ಹೈಡ್ರೋಜನ್. ಬಿಸಿಲಿನಲ್ಲಿ ಅದರ ಜ್ವಾಲೆ ಕಾಣುವುದೇ ಇಲ್ಲ. ಸದ್ದಿಲ್ಲದೆ ನೀಲಿಯಾಗಿ ನಿಧಾನ ಉರಿದರೆ ಮೀಥೇನ್: ಹೆಪ್ಪು ಸರಿಯಾಗಿ ಕುದ್ದಿಲ್ಲ, ಅಥವಾ ಪಿಎಚ್ ಮೇಲೆಯೇ ಉಳಿದಿದೆ. ಬಕೆಟ್ ಏರಿದ್ದು ಮರುದಿನ ಇಳಿದಿದ್ದರೆ ಮೊದಲು ಸೋರಿಕೆ ಹುಡುಕಿ. ಸೋರಿಕೆ ಇಲ್ಲದೆಯೂ ಕ್ಯಾನಿನೊಳಗಿನ ಹೈಡ್ರೋಜನ್ ಕಡಿಮೆಯಾಗುವುದುಂಟು: ಕುದಿಗೂ ಸಾಯದ ಕೆಲವು ಬ್ಯಾಕ್ಟೀರಿಯಾ ಅದನ್ನು ತಿಂದು ವಿನೆಗರ್ ಆಮ್ಲ ಮಾಡುತ್ತವೆ. ಆದ್ದರಿಂದ ಗುಳ್ಳೆ ಶುರುವಾಗಿ 36 ಗಂಟೆಯಾದ ಮೇಲೆ ಇಟ್ಟುಕೊಳ್ಳಬೇಡಿ.

ಇನ್ನು ಲೆಕ್ಕ. ಲೀಟರಿಗೆ 8 ಗ್ರಾಂ ಸಕ್ಕರೆ ಎಂದರೆ 12 ಲೀಟರಿಗೆ 96 ಗ್ರಾಂ. ಒಂದು ಅಣು ಗ್ಲೂಕೋಸಿಗೆ ಪುಸ್ತಕದ ಪ್ರಕಾರ ಹೆಚ್ಚೆಂದರೆ 4 ಅಣು ಹೈಡ್ರೋಜನ್, ಬ್ಯುಟೈರಿಕ್ ದಾರಿ ಹಿಡಿದರೆ 2. ಕೈಗೆ ಸಿಗುವುದು 1.5 ಎಂದುಕೊಳ್ಳಿ. ಆಗ ಸುಮಾರು 20 ಲೀಟರ್ ಹೈಡ್ರೋಜನ್, 210 ಕಿಲೋಜೂಲ್ ಶಕ್ತಿ. ಒಂದು ಲೀಟರ್ ನೀರು ಕುದಿ ಬರಲು 315 ಬೇಕು! ಕ್ಯಾನನ್ನು 20ರಿಂದ 36 ಡಿಗ್ರಿಗೆ ಏರಿಸಲೇ 1,000 ಕಿಲೋಜೂಲ್ ಹೋಗಿರುತ್ತದೆ, ಕುದಿಸಿದ್ದು ಬೇರೆ. ಬಿಸಿ ಸೋಲಾರ್ ಹೀಟರಿನಿಂದಲೋ ಹಂಡೆಯ ಒಲೆಯಿಂದಲೋ ಪುಕ್ಕಟೆ ಸಿಗದಿದ್ದರೆ ಇದು ನಷ್ಟದ ವ್ಯಾಪಾರ.

ಸಕ್ಕರೆಯ ಶಕ್ತಿಯ ಬಹುಪಾಲು ಕ್ಯಾನಿನಲ್ಲಿ ಉಳಿದ ಹುಳಿನೀರಿನಲ್ಲಿ ಆಮ್ಲವಾಗಿ ಕೂತಿದೆ. ಅದನ್ನು ಚೆಲ್ಲಬೇಡಿ. ಸುಣ್ಣದಿಂದ ಪಿಎಚ್ 7ಕ್ಕೆ ತಂದು, ಗೋಬರ್ ಗ್ಯಾಸ್ ಗುಂಡಿಗೆ ಸಗಣಿ ಕದಡುವ ನೀರಿನ ಬದಲು ಹಾಕಿ. ಸುಮಾರು 25 ಲೀಟರ್ ಮೀಥೇನ್ ಬರುತ್ತದೆ, 890 ಕಿಲೋಜೂಲ್. ಹೈಡ್ರೋಜನ್ನಿನ ನಾಲ್ಕು ಪಟ್ಟು. ದೊಡ್ಡದಾಗಿ ಮಾಡುವವರೂ ಎರಡು ತೊಟ್ಟಿ ಕಟ್ಟುವುದು ಇದಕ್ಕೇ. ದಿನಕ್ಕೆ 50 ಕಿಲೋ ಸಗಣಿ ತಿನ್ನುವ ಗುಂಡಿಗೆ ಒಂದು ದಿನಕ್ಕೆ ಒಂದೇ ಕ್ಯಾನು ಸಾಕು; ನಾಲ್ಕೈದು ಒಟ್ಟಿಗೆ ಸುರಿದರೆ ಗುಂಡಿ ಹುಳಿಯಾಗಿ ಇದ್ದ ಗ್ಯಾಸೂ ನಿಲ್ಲಬಹುದು.