ಎಲ್‌ಎಫ್‌ಪಿ ಬ್ಯಾಟರಿಯ ಕಾರನ್ನು ವಾರಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿ
ನಿಮ್ಮ ಎಲೆಕ್ಟ್ರಿಕ್ ಕಾರಿನಲ್ಲಿರುವುದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ವಾರಕ್ಕೊಮ್ಮೆ ಮನೆಯ ನಿಧಾನದ ಚಾರ್ಜರಿನಲ್ಲೇ ಶೇ 100 ತುಂಬಿಸಿ. ನೆಕ್ಸಾನ್ ಇವಿ, ಬಿವೈಡಿ ಅಟ್ಟೊ 3 ಈ ಗುಂಪಿನವು. ಪರದೆಯಲ್ಲಿ 100 ಕಂಡ ಕೂಡಲೇ ಪ್ಲಗ್ ಕೀಳಬೇಡಿ, ಕಾರು ತಾನಾಗಿ ಚಾರ್ಜಿಂಗ್ ನಿಲ್ಲಿಸಲಿ. ಈ ಜಾತಿಯ ಸೆಲ್‌ಗಳ ವೋಲ್ಟೇಜ್ ಅರ್ಧ ತುಂಬಿದ್ದರೂ ಮುಕ್ಕಾಲು ತುಂಬಿದ್ದರೂ 3.3 ವೋಲ್ಟ್‌ನ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಎಷ್ಟು ಉಳಿದಿದೆ ಎಂಬ ಕಾರಿನ ಅಂದಾಜು ದಿನ ಕಳೆದಂತೆ ಹಳಿ ತಪ್ಪುತ್ತದೆ. ಪೂರ್ತಿ ತುಂಬುವ ತುದಿಯಲ್ಲಿ ವೋಲ್ಟೇಜ್ ಸರ್ರನೆ ಏರಿದಾಗಲೇ ಲೆಕ್ಕ ಸರಿಹೋಗುವುದು. ಹಿಂದೆ ಬಿದ್ದ ಸೆಲ್‌ಗಳೂ ಆಗಲೇ ಉಳಿದವುಗಳ ಸಮಕ್ಕೆ ಬರುತ್ತವೆ. ರೇಂಜ್ (ಒಮ್ಮೆ ತುಂಬಿಸಿದರೆ ಓಡುವ ದೂರ) ಕುಸಿದಿದೆ ಎಂದು ಸರ್ವಿಸ್ ಸೆಂಟರಿಗೆ ದುಡ್ಡು ಸುರಿಯುವ ಮೊದಲು ಇದನ್ನು ಮಾಡಿ ನೋಡಿ, ಖರ್ಚು ಬರೀ ಕರೆಂಟಿನದು. ವಯಸ್ಸಾಗಿ ನಿಜಕ್ಕೂ ಸವೆದ ಬ್ಯಾಟರಿಗೆ ಮಾತ್ರ ಇದರಿಂದ ಜೀವ ಬರುವುದಿಲ್ಲ. ಹ್ಯುಂಡೈ ಐಯಾನಿಕ್ 5ರಂತಹ ಕಾರುಗಳ ನಿಕಲ್ ಆಧಾರಿತ ಬ್ಯಾಟರಿಗಳಿಗೆ ಈ ಉಪಾಯ ಬೇಡವೇ ಬೇಡ. ಅವನ್ನು ನಿತ್ಯದ ಓಡಾಟಕ್ಕೆ ಶೇ 80ಕ್ಕೇ ನಿಲ್ಲಿಸಿ, ದೂರದ ಪ್ರಯಾಣದ ಹಿಂದಿನ ರಾತ್ರಿಯಷ್ಟೇ ಪೂರ್ತಿ ತುಂಬಿಸಿ. ಪ್ಲಗ್ ಇಲ್ಲದ ಹೈಬ್ರಿಡ್‌ನವರಿಗೆ ಈ ತಲೆನೋವೇ ಇಲ್ಲ. ಯಾವ ಜಾತಿಯೇ ಆಗಲಿ, ಪೂರ್ತಿ ತುಂಬಿಸಿದ ಕಾರನ್ನು ಬೇಸಿಗೆಯ ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸಬೇಡಿ.