ನ್ಯೂಜಿಲೆಂಡ್‌ನಲ್ಲಿ ಹಳೆ ಡೀಸೆಲ್ ಗಾಡಿ ಕೊಳ್ಳುವ ಮುಂಚೆ ಆರ್‌ಯುಸಿ ನೋಡಿ

ಎಲ್ಲರಿಗೂ ನಮಸ್ಕಾರ. ಊರಿಂದ ಹೊಸದಾಗಿ ಬಂದವರು ಬಂಕ್‌ನಲ್ಲಿ ಡೀಸೆಲ್ ರೇಟು ನೋಡಿ ಖುಷಿಪಡುತ್ತಾರೆ. ಆದರೆ ಇಲ್ಲಿ ಪೆಟ್ರೋಲ್ ಬೆಲೆಯಲ್ಲೇ ರಸ್ತೆ ತೆರಿಗೆ ಸೇರಿರುತ್ತದೆ, ಡೀಸೆಲ್‌ನಲ್ಲಿ ಇರುವುದಿಲ್ಲ. ಅದನ್ನು ನಾವೇ ಬೇರೆಯಾಗಿ ಕಟ್ಟಬೇಕು. ಅದೇ ರೋಡ್ ಯೂಸರ್ ಚಾರ್ಜ್, ಆರ್‌ಯುಸಿ.

3.5 ಟನ್ ಒಳಗಿನ ಡೀಸೆಲ್ ಕಾರಿಗೆ 1000 ಕಿ.ಮೀ.ಗೆ 76 ಡಾಲರ್. ಓಡಿಸುವ ಮುಂಚೆಯೇ ಕೊಳ್ಳಬೇಕು, ಪ್ರೀಪೇಯ್ಡ್ ಸಿಮ್ ಇದ್ದ ಹಾಗೆ. ಪ್ರತಿ ಸಲ ಕೊಂಡಾಗಲೂ ಆಡಳಿತ ಶುಲ್ಕ ಬೇರೆ ಬೀಳುತ್ತದೆ. ಹಾಗಾಗಿ ಕೈಯಲ್ಲಿ ದುಡ್ಡಿದ್ದರೆ ಒಟ್ಟಿಗೆ 5000 ಕಿ.ಮೀ. ತೆಗೆದುಕೊಳ್ಳಿ. 380 ಡಾಲರ್, ಶುಲ್ಕ ಒಂದೇ ಸಲ. ಸಾವಿರ ಸಾವಿರವಾಗಿ ಕೊಂಡರೆ ಸುಮ್ನೆ ಐದು ಸಲ ಶುಲ್ಕ ಕೊಟ್ಟಂತೆ, ಅಲ್ವಾ? ಎನ್‌ಝಡ್‌ಟಿಎ (ಇಲ್ಲಿನ ಸರ್ಕಾರಿ ಸಾರಿಗೆ ಸಂಸ್ಥೆ) ವೆಬ್‌ಸೈಟ್‌ನಲ್ಲೇ ಕೆಲಸ ಮುಗಿಯುತ್ತದೆ. ನಂಬರ್ ಪ್ಲೇಟ್, ಕಾರ್ಡ್ ಇದ್ದರೆ ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮರೆಯಬೇಡಿ. ಆರ್‌ಯುಸಿ ಎಷ್ಟು ಕಿ.ಮೀ. ತನಕ ಕಟ್ಟಿದೆ ನೋಡಿ, ಓಡೋಮೀಟರ್ ಜೊತೆ ಹೋಲಿಸಿ. ಮೀಟರ್ ಮುಂದೆ ಹೋಗಿದ್ದರೆ ಬಾಕಿ ಇದೆ ಎಂದರ್ಥ. ಮೊದಲು ಮಾರುವವರಿಂದ ಅದನ್ನು ಕಟ್ಟಿಸಿ, ಆಮೇಲೆ ದುಡ್ಡು ಕೊಡಿ. "ಆಮೇಲೆ ಕಟ್ತೀನಿ" ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ. ವಾರಂಟ್ ಆಫ್ ಫಿಟ್‌ನೆಸ್ (ಗಾಡಿ ರಸ್ತೆಗಿಳಿಯಲು ಸುರಕ್ಷಿತವೇ ಎಂದು ನೋಡುವ) ತಪಾಸಣೆಯಲ್ಲಿ ಮೀಟರ್ ರೀಡಿಂಗ್ ದಾಖಲಾಗುತ್ತದೆ. ಬಾಕಿ ಮುಚ್ಚಿಡುವುದು ಕಷ್ಟ.

ಎಲೆಕ್ಟ್ರಿಕ್ ಕಾರಿನವರು ನಗಬೇಡಿ. 2024ರ ಏಪ್ರಿಲ್ 1ರಿಂದ ನಿಮಗೂ ಅದೇ 76 ಡಾಲರ್.

ವರ್ಷಕ್ಕೆ ಕಡಿಮೆ ಓಡಿಸುವವರಾದರೆ ಡೀಸೆಲ್ ಬೇಕೇ ಎಂದು ಒಮ್ಮೆ ಲೆಕ್ಕ ಹಾಕಿ. ರಿಜಿಸ್ಟ್ರೇಷನ್ ಫೀಸು ಆರ್‌ಯುಸಿಯಲ್ಲಿ ಸೇರಿಲ್ಲ, ಅದು ಬೇರೆ.