ಸಿ ಪ್ರೋಗ್ರಾಮಿನಲ್ಲಿ ಇಂಟರ್‌ಫೇಸ್ ಹೆಸರು, ಇಂಡೆಕ್ಸ್ ಹುಡುಕುವವರಿಗೆ

ನೆಟ್‌ವರ್ಕ್ ಇಂಟರ್‌ಫೇಸಿನ ಇಂಡೆಕ್ಸ್ (ಸಿಸ್ಟಂ ಅದಕ್ಕೆ ಕೊಡುವ ಸಂಖ್ಯೆ) ಬೇಕೆಂದು ಐಒಕಂಟ್ರೋಲ್ (ioctl) ಎಂಬ ಸಿಸ್ಟಂ ಕರೆಗಳ ಜತೆ ಗುದ್ದಾಡುವ ಕೋಡ್ ಈಗಲೂ ಕಾಣಿಸುತ್ತದೆ. ಅಷ್ಟು ಕಷ್ಟ ಬೇಡ. ನೆಟ್/ಇಫ್.ಎಚ್ ಹೆಡರ್ ಸೇರಿಸಿಕೊಂಡು ಇಫ್_ನೇಮ್‌ಟುಇಂಡೆಕ್ಸ್ ಫಂಕ್ಷನ್‌ಗೆ ಹೆಸರು ಕೊಡಿ, ಇಂಡೆಕ್ಸ್ ಸಿಗುತ್ತದೆ. ಸಾಕೆಟ್ ತೆರೆಯುವ ಗೋಜೂ ನಿಮಗಿಲ್ಲ.

ಎಡವುವುದು ಇಲ್ಲೇ: ತಪ್ಪಾದರೆ ಅದು ಹಿಂದಿರುಗಿಸುವುದು -1 ಅಲ್ಲ, 0. ರಿಟರ್ನ್ ಟೈಪ್ ಅನ್‌ಸೈನ್ಡ್ ಆದ್ದರಿಂದ "ಸೊನ್ನೆಗಿಂತ ಕಡಿಮೆಯೇ" ಎಂಬ ಪರೀಕ್ಷೆ ಎಂದೂ ನಿಜವಾಗದು. ಆ 0 ಅನ್ನೇ ಲಿಂಕ್-ಲೋಕಲ್ (ಒಂದೇ ಸ್ಥಳೀಯ ಜಾಲದೊಳಗೆ ಮಾತ್ರ ನಡೆಯುವ) ಐಪಿವಿ6 ವಿಳಾಸದ ಸ್ಕೋಪ್ ಐಡಿಗೆ, ಅಂದರೆ ಯಾವ ಇಂಟರ್‌ಫೇಸ್ ಎಂದು ಹೇಳುವ ಜಾಗಕ್ಕೆ, ತುಂಬಿದರೆ ಕನೆಕ್ಟ್ ಸೋಲುತ್ತದೆ, ನೀವು ವಿಳಾಸವನ್ನೇ ಅನುಮಾನಿಸುತ್ತಾ ಕೂರುತ್ತೀರಿ.

ಇಂಡೆಕ್ಸ್‌ನಿಂದ ಹೆಸರಿಗೆ ಇಫ್_ಇಂಡೆಕ್ಸ್‌ಟುನೇಮ್. ಬಫರ್ ನೀವೇ ಕೊಡಬೇಕು, ಕನಿಷ್ಠ ಇಫ್_ನೇಮ್‌ಸೈಜ್ ಅಳತೆಯದು. ಲಿನಕ್ಸ್‌ನಲ್ಲಿ ಅದು ಕೊನೆಯ ನಲ್ ಸೇರಿ 16 ಬೈಟ್. ಆದರೂ ಅಂಕಿ ಬರೆಯದೆ ಆ ಸ್ಥಿರಾಂಕವನ್ನೇ ಬಳಸಿ. ತಪ್ಪಾದರೆ ನಲ್ ಬರುತ್ತದೆ.

ಇರುವ ಇಂಟರ್‌ಫೇಸ್‌ಗಳೆಲ್ಲ ಬೇಕಿದ್ದರೆ ಇಫ್_ನೇಮ್‌ಇಂಡೆಕ್ಸ್ ಒಂದು ಅರೇ ಕೊಡುತ್ತದೆ. ಉದ್ದ ಹೇಳುವುದಿಲ್ಲ; ಇಂಡೆಕ್ಸ್ 0, ಹೆಸರು ನಲ್ ಇರುವ ನಮೂದು ಸಿಕ್ಕಲ್ಲಿ ನಿಲ್ಲಬೇಕು. ಬಿಡುಗಡೆಗೆ ಬರೀ ಫ್ರೀ ಸಾಲದು, ಇಫ್_ಫ್ರೀನೇಮ್‌ಇಂಡೆಕ್ಸ್ ಕರೆಯಿರಿ. ಐಪಿ ವಿಳಾಸಗಳೂ ಬೇಕಾದವರು ಗೆಟ್‌ಇಫ್‌ಆಡ್ರ್ಸ್ ಕಡೆ ಹೋಗಿ.

ಇನ್ನೊಂದು ವಿಷಯ, ಇಂಡೆಕ್ಸನ್ನು ಕಾನ್ಫಿಗ್ ಫೈಲಿನಲ್ಲಿ ಬರೆದಿಡಬೇಡಿ. ಯುಎಸ್‌ಬಿ ಅಡಾಪ್ಟರ್ ಕಿತ್ತು ಮತ್ತೆ ಚುಚ್ಚಿದರೆ ಸಾಮಾನ್ಯವಾಗಿ ಹೊಸ ಸಂಖ್ಯೆಯೇ ಬರುತ್ತದೆ. ಹೆಸರನ್ನು ಉಳಿಸಿ, ಬೇಕಾದಾಗ ಇಂಡೆಕ್ಸ್ ಕೇಳಿ.